ಓದುಗರ ಪ್ರಶ್ನೆ: ‘ನಮ್ಮ ದೇಶದಲ್ಲಿ ಹೀಗೇ ಬರೆಯುತ್ತಾರೆ’ ಎಂದು ಹೇಳಬಹುದೇ?

ಈ ಸಲ ಬಂದಿರುವ ಪತ್ರಗಳಲ್ಲಿ ಐದು ಒಂದೇ ವಿಷಯವನ್ನು ಕುರಿತಿವೆ. ಹೊರದೇಶದಲ್ಲಿ ಓದುತ್ತಿರುವ ಅಥವಾ ಓದಲು ಹೊರಟಿರುವ ನಮ್ಮ ಮಕ್ಕಳು, ಮತ್ತು ಅವರ ಮೇಲೆ ಬರುವ ಕೃತಿಚೌರ್ಯದ ಆರೋಪ. ದಾವಣಗೆರೆಯಲ್ಲಿ ಬಹಳ ವರ್ಷ ಇಂಗ್ಲಿಷ್ ಪಾಠ ಹೇಳಿದ ನನಗೆ ಇದು ದೂರದ ವಿಷಯವಲ್ಲ. ಹಾಗಾಗಿ ಅಂಕಣವನ್ನು ಪೂರ್ತಿಯಾಗಿ ಇದಕ್ಕೇ ಮೀಸಲಿಟ್ಟಿದ್ದೇನೆ. ಕೇಳಿದವರ ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ನಾನು ಮಂಡಿಪೇಟೆಯಲ್ಲಿ ಸಣ್ಣ ಅಂಗಡಿ ಇಟ್ಟುಕೊಂಡಿದ್ದೇನೆ. ಮಗ ಇಲ್ಲೇ ಬಿಬಿಎ ಮುಗಿಸಿ, ಬ್ಯಾಂಕ್ ಸಾಲದಲ್ಲಿ ಎಂಎಸ್ಸಿ ಓದಲು ಇಂಗ್ಲೆಂಡಿಗೆ ಹೋಗಿದ್ದಾನೆ. ಅವನ ಅಸೈನ್‌ಮೆಂಟಿನಲ್ಲಿ ಶೇ 34ರಷ್ಟು ಬೇರೆಯವರ ಬರಹಕ್ಕೆ ಹೋಲುತ್ತದೆ ಎಂದು ಟರ್ನಿಟಿನ್ ಎಂಬ ತಂತ್ರಾಂಶ ತೋರಿಸಿದೆಯಂತೆ. ಮುಂದಿನ ವಾರ ಸಮಿತಿಯ ಮುಂದೆ ಬರಬೇಕೆಂದು ವಿಶ್ವವಿದ್ಯಾಲಯ ಪತ್ರ ಕಳಿಸಿದೆ. ‘ನಮ್ಮ ದೇಶದಲ್ಲಿ ಹೀಗೇ ಬರೆಯುತ್ತಾರೆ, ನಮ್ಮ ಸಂಸ್ಕೃತಿಯೇ ಬೇರೆ ಎಂದು ಹೇಳಿಬಿಡು’ ಎಂದು ಅವನ ಗೆಳೆಯರು ಹೇಳಿಕೊಟ್ಟಿದ್ದಾರೆ. ಹಾಗೆ ಹೇಳಬಹುದೇ? ವೀಸಾ ಹೋಗುತ್ತದೆಯೇ? ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. (ಒಬ್ಬ ತಂದೆ, ದಾವಣಗೆರೆ)

ಉತ್ತರ: ಮೊದಲು ಆ ಶೇ 34ರ ಭಯವನ್ನು ಸ್ವಲ್ಪ ಬದಿಗಿಡಿ. ಟರ್ನಿಟಿನ್ ಕಳ್ಳತನವನ್ನು ಹಿಡಿಯುವ ಯಂತ್ರವಲ್ಲ. ಸಲ್ಲಿಸಿದ ಬರಹದಲ್ಲಿ ಯಾವ ಸಾಲುಗಳು ತನ್ನ ಸಂಗ್ರಹದಲ್ಲಿರುವ ಇತರ ಬರಹಗಳ ಜೊತೆ ಹೊಂದುತ್ತವೆ ಎಂಬುದನ್ನು ಬಣ್ಣ ಹಚ್ಚಿ ತೋರಿಸುತ್ತದೆ, ಅಷ್ಟೇ. ಉದ್ಧರಣ ಚಿಹ್ನೆಯೊಳಗೆ ಸರಿಯಾಗಿ ಕೊಟ್ಟ ಮಾತು, ಕೊನೆಯಲ್ಲಿರುವ ಆಕರಗ್ರಂಥಗಳ ಪಟ್ಟಿ, ಅಧ್ಯಾಪಕರೇ ಕೊಟ್ಟ ಪ್ರಶ್ನೆಯ ಒಕ್ಕಣೆ ಎಲ್ಲವೂ ಆ ಲೆಕ್ಕದಲ್ಲಿ ಸೇರಿರಬಹುದು. ಆದ್ದರಿಂದ ಆ ವರದಿಯ ಪೂರ್ಣ ಪ್ರತಿಯನ್ನು ನಿಮ್ಮ ಮಗ ಕೇಳಿ ಪಡೆಯಬೇಕು, ಬಣ್ಣ ಹಚ್ಚಿದ ಒಂದೊಂದು ಸಾಲನ್ನೂ ಓದಬೇಕು.

ನಮ್ಮವರು ಎಡವುವುದು ಬಹುಮಟ್ಟಿಗೆ ಇಲ್ಲಿಯೇ. ಇಲ್ಲಿ ನಾವು ಈ ವಿಷಯವನ್ನು ಶೇಕಡಾವಾರು ಲೆಕ್ಕದಲ್ಲಿ ಯೋಚಿಸಲು ಕಲಿತಿದ್ದೇವೆ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2018ರಲ್ಲಿ ತಂದ ನಿಯಮಾವಳಿಯ ಪ್ರಕಾರ ಪ್ರೌಢಪ್ರಬಂಧದಲ್ಲಿ ಶೇ 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ. 10ರಿಂದ 40ರವರೆಗಾದರೆ ಹೆಚ್ಚೆಂದರೆ 6 ತಿಂಗಳೊಳಗೆ ತಿದ್ದಿದ ಪ್ರತಿ ಕೊಡಬೇಕು. 40ರಿಂದ 60ರವರೆಗಾದರೆ ಒಂದು ವರ್ಷ ತಿದ್ದಿದ ಪ್ರತಿಯನ್ನೂ ಕೊಡುವಂತಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಇದನ್ನು ಕೇಳಿ ಬೆಳೆದ ಹುಡುಗ ಅಲ್ಲಿಗೆ ಹೋದಾಗ ಕೇಳುವ ಮೊದಲ ಪ್ರಶ್ನೆ ‘ಎಷ್ಟು ಪರ್ಸೆಂಟ್‌ವರೆಗೆ ಪರವಾಗಿಲ್ಲ?’ ಎಂಬುದೇ. ಬ್ರಿಟನ್ನಿನ ಅಧ್ಯಾಪಕರ ಹತ್ತಿರ ಅದಕ್ಕೆ ಸಾಮಾನ್ಯವಾಗಿ ಉತ್ತರವಿರುವುದಿಲ್ಲ. ಶೇ 8ರ ವರದಿಯಲ್ಲೂ ಹೆಸರು ಹೇಳದೆ ಎತ್ತಿಕೊಂಡ ಒಂದೇ ಪ್ಯಾರಾ ಇದ್ದರೆ ಅದು ತಪ್ಪು. ಶೇ 34ರ ವರದಿಯಲ್ಲಿ ಎಲ್ಲಕ್ಕೂ ಆಧಾರ ಹೇಳಿದ್ದರೆ ಅದು ಕಳಪೆ ಪ್ರಬಂಧವಾಗಬಹುದು, ಕಳ್ಳತನವಾಗುವುದಿಲ್ಲ. ಈ ವ್ಯತ್ಯಾಸ ಗೊತ್ತಿಲ್ಲದ ಮಕ್ಕಳು ಅಂಕಿಯನ್ನು ಇಳಿಸಲೆಂದೇ ಪದಗಳನ್ನು ಅದಲುಬದಲು ಮಾಡುವ ತಂತ್ರಾಂಶಗಳ ಮೊರೆ ಹೋಗುತ್ತಾರೆ. ಆಗ ಅರಿಯದೆ ಆದ ತಪ್ಪು ಬೇಕೆಂದೇ ಮಾಡಿದ ತಪ್ಪಾಗಿಬಿಡುತ್ತದೆ.

ಇನ್ನು ‘ನಮ್ಮ ಸಂಸ್ಕೃತಿ’ ಎಂಬ ಸಮರ್ಥನೆಯ ಮಾತು. ದಯವಿಟ್ಟು ಹಾಗೆ ಹೇಳಲು ಬಿಡಬೇಡಿ. ಅದು ಸಮಿತಿಯ ಮುಂದೆ ನಿಲ್ಲುವುದಿಲ್ಲ. ಏಕೆಂದರೆ ಕೋರ್ಸಿನ ಮೊದಲ ವಾರದಲ್ಲೇ ಅವನಿಗೆ ನಿಯಮಗಳ ಕೈಪಿಡಿ ಕೊಟ್ಟಿರುತ್ತಾರೆ, ಪ್ರತಿ ಅಸೈನ್‌ಮೆಂಟ್ ಸಲ್ಲಿಸುವಾಗಲೂ ‘ಇದು ನನ್ನದೇ ಬರಹ’ ಎಂದು ಒಪ್ಪಿಗೆ ಪಡೆದಿರುತ್ತಾರೆ. ಅದಕ್ಕಿಂತ ಹೆಚ್ಚಾಗಿ, ಆ ಮಾತು ನಿಜವೂ ಅಲ್ಲ. ಯಾರ ಮಾತು ಯಾರದು ಎಂಬ ವಿವೇಕ ನಮ್ಮಲ್ಲಿ ಇರಲಿಲ್ಲವೆನ್ನುವುದು ಹೇಗೆ? ವಚನಕಾರರು ಪ್ರತಿಯೊಂದು ವಚನದಲ್ಲೂ ಅಂಕಿತವಿಟ್ಟರು. ಕೂಡಲಸಂಗಮದೇವ ಎಂದು ಬಂದರೆ ಬಸವಣ್ಣನವರದು, ಗುಹೇಶ್ವರ ಎಂದು ಬಂದರೆ ಅಲ್ಲಮನದು ಎಂದು ಓದುಬರಹ ಬಾರದ ಅಜ್ಜಿಯೂ ಹೇಳಬಲ್ಲಳು. ರಾಜಶೇಖರನು ಸುಮಾರು ಸಾವಿರದ ನೂರು ವರ್ಷಗಳ ಹಿಂದೆ ಬರೆದ ‘ಕಾವ್ಯಮೀಮಾಂಸೆ’ಯಲ್ಲಿ, ಒಬ್ಬ ಕವಿ ಇನ್ನೊಬ್ಬನ ಪದಗಳನ್ನೂ ಅರ್ಥವನ್ನೂ ತೆಗೆದುಕೊಳ್ಳುವುದಕ್ಕೆ ‘ಹರಣ’ ಎಂದು ಹೆಸರಿಟ್ಟು, ಯಾವುದು ಸಲ್ಲುತ್ತದೆ ಯಾವುದು ಸಲ್ಲದು ಎಂದು ಅಧ್ಯಾಯಗಟ್ಟಲೆ ಚರ್ಚಿಸಿದ್ದಾನೆ.

ಹಾಗಾದರೆ ನಿಮ್ಮ ಮಗ ಹೀಗೇಕೆ ಬರೆದ? ಕಾರಣ ಸಂಸ್ಕೃತಿಯಲ್ಲಿಲ್ಲ, ನಮ್ಮ ತರಗತಿಯಲ್ಲಿದೆ. ಪರೀಕ್ಷೆಗೆ ಹತ್ತು ದಿನವಿದ್ದಾಗ ಇಲ್ಲಿಯ ಯಾವುದೇ ಜೆರಾಕ್ಸ್ ಅಂಗಡಿಯ ಮುಂದೆ ಅರ್ಧ ಗಂಟೆ ನಿಂತು ನೋಡಿ. ಹಿಂದಿನ ವರ್ಷದ ಪ್ರಾಜೆಕ್ಟ್ ವರದಿ ಅಂಗಡಿಯವನ ಕಂಪ್ಯೂಟರಿನಲ್ಲೇ ಇರುತ್ತದೆ. ಹುಡುಗ ಬಂದು ತನ್ನ ಹೆಸರು, ಯುಎಸ್‌ಎನ್ ನಂಬರು, ಗೈಡ್ ಹೆಸರು ಹೇಳುತ್ತಾನೆ. ಮೊದಲ ಎರಡು ಪುಟ ಬದಲಾಗುತ್ತವೆ, ಕೃತಜ್ಞತೆಯ ಪುಟದಲ್ಲಿ ತಂದೆತಾಯಿಯ ಹೆಸರು ಸೇರುತ್ತದೆ, ಸಂಜೆಯ ಹೊತ್ತಿಗೆ ಕಪ್ಪು ರೆಕ್ಸಿನ್ ಮೇಲೆ ಚಿನ್ನದ ಬಣ್ಣದ ಅಕ್ಷರಗಳಿರುವ ಮೂರು ಪ್ರತಿ ಸಿದ್ಧ. ಆ ವರದಿಗೆ ಸಹಿ ಹಾಕಿದವರಲ್ಲಿ ನನ್ನಂಥ ಅಧ್ಯಾಪಕರೂ ಇದ್ದೇವೆ. ನಾನು ಬರೆಸಿದ ನೋಟ್ಸಿನಲ್ಲಿ ಯಾವ ವಿಮರ್ಶಕನ ಮಾತು ಎಲ್ಲಿಂದ ಬಂತು ಎಂದು ಎಷ್ಟೋ ವರ್ಷ ನಾನೇ ಹೇಳಲಿಲ್ಲ. ಅದನ್ನು ಉರು ಹೊಡೆದು, ಅಕ್ಷರ ತಪ್ಪದೆ ಉತ್ತರಪತ್ರಿಕೆಯಲ್ಲಿ ಇಳಿಸಿದವರಿಗೇ ಹೆಚ್ಚು ಅಂಕ ಕೊಟ್ಟೆ. ಹದಿನೈದು ವರ್ಷ ಹೀಗೆ ಬೆನ್ನು ತಟ್ಟಿಸಿಕೊಂಡ ಹುಡುಗನನ್ನು ಒಂದೇ ಸೆಪ್ಟೆಂಬರಿನಲ್ಲಿ ಅದೇ ಕೆಲಸಕ್ಕೆ ಅಪರಾಧಿಯಂತೆ ನಿಲ್ಲಿಸಿದಾಗ ಅವನಿಗೆ ದಿಕ್ಕು ತೋಚದಿರುವುದು ಸಹಜ. ಅಲ್ಲಿಯ ವಿಶ್ವವಿದ್ಯಾಲಯಗಳ ಮೇಲೂ ಹೊಣೆಯಿದೆ. ಹೊರದೇಶದ ವಿದ್ಯಾರ್ಥಿಗಳಿಂದ ಸ್ಥಳೀಯರಿಗಿಂತ ಹೆಚ್ಚು ಶುಲ್ಕ ಪಡೆಯುವವರು ಒಂದು ಗಂಟೆಯ ಸ್ಲೈಡ್ ತೋರಿಸಿ ಕೈತೊಳೆದುಕೊಳ್ಳಬಾರದು; ಇದು ಬಾಯಿಮಾತಿನಲ್ಲಿ ಬರುವ ವಿದ್ಯೆಯಲ್ಲ, ಬರೆದು ತಿದ್ದಿಸಿಕೊಂಡು ಬರುವ ವಿದ್ಯೆ.

ಆದ್ದರಿಂದ ‘ನಮ್ಮ ದೇಶವೇ ಹೀಗೆ’ ಎನ್ನುವುದರ ಬದಲು, ತನಗೆ ಏನಾಯಿತು ಎಂಬುದನ್ನು ಅವನು ಹೇಳಲಿ. ಯಾವ ಪುಸ್ತಕದಿಂದ, ಯಾವ ಜಾಲತಾಣದಿಂದ ಟಿಪ್ಪಣಿ ಮಾಡಿಕೊಂಡ, ಎಲ್ಲಿ ಮೂಲದ ಮಾತೂ ತನ್ನ ಮಾತೂ ಬೆರೆತುಹೋದವು, ಹಿಂದೆ ಆಧಾರ ಸಹಿತ ಬರೆದ ಅಭ್ಯಾಸವಿತ್ತೇ ಇಲ್ಲವೇ ಎಂಬುದನ್ನೆಲ್ಲ ಸಾಲುಸಾಲಾಗಿ ತೋರಿಸಲಿ. ಕರಡುಗಳು, ಟಿಪ್ಪಣಿ ಪುಸ್ತಕ, ಕಂಪ್ಯೂಟರಿನಲ್ಲಿ ಉಳಿದಿರುವ ಹಳೆಯ ಆವೃತ್ತಿಗಳನ್ನು ಜೊತೆಗೆ ಒಯ್ಯಲಿ. ತಪ್ಪಾಗಿದ್ದರೆ ಒಪ್ಪಿಕೊಳ್ಳಲಿ, ಆಗದಿದ್ದರೆ ಹೆದರಿ ಒಪ್ಪಿಕೊಳ್ಳಬೇಕಾಗಿಲ್ಲ, ಏಕೆಂದರೆ ಆರೋಪವನ್ನು ಸಾಬೀತುಪಡಿಸುವ ಹೊಣೆ ವಿಶ್ವವಿದ್ಯಾಲಯದ್ದು. ಸಭೆಗೆ ಮೊದಲು ಅಲ್ಲಿಯ ವಿದ್ಯಾರ್ಥಿ ಸಂಘದ ಸಲಹಾ ಕೇಂದ್ರಕ್ಕೆ ಇವತ್ತೇ ಹೋಗಲಿ. ನಮ್ಮ ಕಾಲೇಜುಗಳ ವಿದ್ಯಾರ್ಥಿ ಸಂಘದಂತೆ ಅದು ವಾರ್ಷಿಕೋತ್ಸವಕ್ಕೆ ಸೀಮಿತವಾದದ್ದಲ್ಲ. ಆಡಳಿತದಿಂದ ಪ್ರತ್ಯೇಕವಾಗಿ, ಹಣ ಪಡೆಯದೆ ವಿದ್ಯಾರ್ಥಿಯ ಪರವಾಗಿ ಸಲಹೆ ಕೊಡುತ್ತದೆ, ಎಷ್ಟೋ ಕಡೆ ಸಭೆಗೂ ಜೊತೆಯಲ್ಲಿ ಬರುತ್ತದೆ. ಹೇಳಿಕೆಯನ್ನು ನೀವಾಗಲಿ, ಇಲ್ಲಿಯ ವಕೀಲರಾಗಲಿ ಬರೆದುಕೊಡಬೇಡಿ. ಬೇರೆಯವರ ಮಾತನ್ನು ತನ್ನದೆಂದು ಕೊಟ್ಟ ಆರೋಪಕ್ಕೆ ಬೇರೆಯವರು ಬರೆದ ಉತ್ತರ ಸಲ್ಲದು.

ವೀಸಾದ ವಿಷಯ. ಮೊದಲ ಸಲದ, ಸಣ್ಣ ಪ್ರಮಾಣದ ತಪ್ಪಿಗೆ ಸಾಮಾನ್ಯವಾಗಿ ಅಂಕ ಕಡಿತವಾಗುತ್ತದೆ, ಇಲ್ಲವೇ ಆ ಅಸೈನ್‌ಮೆಂಟಿಗೆ ಸೊನ್ನೆ ಕೊಟ್ಟು ಮತ್ತೆ ಬರೆಯಲು ಹೇಳುತ್ತಾರೆ. ಅಂಕ ಕಡಿತದಿಂದ ವೀಸಾಕ್ಕೆ ಧಕ್ಕೆಯಿಲ್ಲ. ಕೋರ್ಸಿನಿಂದಲೇ ತೆಗೆದುಹಾಕಿದರೆ ವಿಶ್ವವಿದ್ಯಾಲಯ ಅಲ್ಲಿಯ ಗೃಹ ಇಲಾಖೆಗೆ ತಿಳಿಸಲೇಬೇಕು, ಆಗ ವೀಸಾ ಅವಧಿ ಮೊಟಕಾಗುತ್ತದೆ. ತೀರ್ಮಾನ ಅನ್ಯಾಯವೆನಿಸಿದರೆ ಮೊದಲು ವಿಶ್ವವಿದ್ಯಾಲಯದೊಳಗಿನ ಮೇಲ್ಮನವಿ ಇದೆ. ಅದು ಮುಗಿದು ಅಂತಿಮ ಪತ್ರ ಕೈಸೇರಿದ ಮೇಲೆ, 12 ತಿಂಗಳೊಳಗೆ, ಇಂಗ್ಲೆಂಡ್ ಮತ್ತು ವೇಲ್ಸಿಗಾಗಿ ಇರುವ ಓಐಎ ಎಂಬ ಸ್ವತಂತ್ರ ಸಂಸ್ಥೆಗೆ ದೂರು ಕೊಡಬಹುದು. ವಿದ್ಯಾರ್ಥಿಗೆ ಅದಕ್ಕೆ ಶುಲ್ಕವಿಲ್ಲ.

ಇನ್ನೊಂದು ಮಾತು. ಫೋನಿನಲ್ಲಿ ಸಾಲದ ಕಂತಿನ ವಿಚಾರವನ್ನು ಈ ವಾರ ಎತ್ತಬೇಡಿ. ‘ಊಟ ಮಾಡಿದೆಯಾ, ವರದಿ ಓದಿದೆಯಾ’ ಎಂದಷ್ಟೇ ಕೇಳಿ.

ಪ್ರಶ್ನೆ: ಹೊರದೇಶದ ಪ್ರವೇಶಕ್ಕೆ, ಏಕೆ ಓದಲು ಬಯಸುತ್ತೇನೆಂದು ಅರ್ಜಿದಾರರೇ ಬರೆಯಬೇಕಾದ ಹೇಳಿಕೆಯನ್ನು, ಅಂದರೆ ಎಸ್‌ಒಪಿಯನ್ನು ಕನ್ಸಲ್ಟೆನ್ಸಿಯವರೇ ಬರೆದುಕೊಡುತ್ತೇವೆ ಎನ್ನುತ್ತಾರೆ. ಎಲ್ಲರೂ ಹಾಗೆ ಮಾಡಿಸುತ್ತಾರಂತೆ. ತಪ್ಪೇ? (ವಿದ್ಯಾರ್ಥಿನಿ, ಹರಿಹರ)

ಉತ್ತರ: ತಪ್ಪು, ಅಪಾಯವೂ ಹೌದು. ಒಬ್ಬರೇ ಬರೆದ ನಲವತ್ತು ಎಸ್‌ಒಪಿಗಳು ಒಂದೇ ಅಚ್ಚಿನಲ್ಲಿರುತ್ತವೆ, ಓದುವವರಿಗೆ ಅದು ತಿಳಿಯುತ್ತದೆ. ಬ್ರಿಟನ್ನಿನ ಪದವಿ ಪ್ರವೇಶದ ಅರ್ಜಿಗಳನ್ನು ಪಡೆಯುವ ಯುಕಾಸ್ ಸಂಸ್ಥೆ ಇಂಥ ಹೇಳಿಕೆಗಳನ್ನು ಹೋಲಿಕೆ ತಪಾಸಣೆಗೆ ಒಳಪಡಿಸುತ್ತದೆ. ತುಂಗಭದ್ರೆಯ ದಡದಲ್ಲಿ ಬೆಳೆದ ನೀವು ನೀರಿನ ಮಾಲಿನ್ಯದ ಬಗ್ಗೆ ಓದಬೇಕೆಂದು ಏಕೆ ಹೊರಟಿದ್ದೀರಿ ಎಂಬುದನ್ನು ನಿಮ್ಮ ಪತ್ರದಲ್ಲಿ ನಾಲ್ಕೇ ಸಾಲಿನಲ್ಲಿ ಎಷ್ಟು ಚೆನ್ನಾಗಿ ಹೇಳಿದ್ದೀರಿ! ಅದನ್ನೇ ಬರೆಯಿರಿ, ವ್ಯಾಕರಣವನ್ನು ಬೇಕಾದರೆ ನಿಮ್ಮ ಅಧ್ಯಾಪಕರಿಂದ ತಿದ್ದಿಸಿಕೊಳ್ಳಿ.

ಪ್ರಶ್ನೆ: ನಾನು ಪದವಿ ಕಾಲೇಜಿನ ಉಪನ್ಯಾಸಕ. ‘ನಿಮ್ಮ ಮಾತಿನಲ್ಲಿ ಬರೆಯಿರಿ’ ಎಂದರೆ ವಿದ್ಯಾರ್ಥಿಗಳು ಮೂಲದ ನಾಲ್ಕು ಪದ ಬದಲಿಸಿ ತರುತ್ತಾರೆ. ಮೋಸ ಮಾಡುವ ಉದ್ದೇಶ ಅವರಿಗಿಲ್ಲವೆಂದು ನನಗೆ ಗೊತ್ತು. ಹೊರಗೆ ಹೋಗುವ ಮೊದಲೇ ಇಲ್ಲಿ ಹೇಗೆ ಕಲಿಸಬಹುದು? (ಚಿತ್ರದುರ್ಗ)

ಉತ್ತರ: ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ನಾನು ಋಣಿ. ನೀವು ವರ್ಣಿಸಿದ ಬರವಣಿಗೆಗೆ ಅಮೆರಿಕದ ರೆಬೆಕಾ ಮೂರ್ ಹೋವರ್ಡ್ ಎಂಬ ಅಧ್ಯಾಪಕಿ 1990ರ ದಶಕದಲ್ಲಿ ‘ಪ್ಯಾಚ್‌ರೈಟಿಂಗ್’ ಎಂದು ಹೆಸರಿಟ್ಟರು. ನಮ್ಮ ಮಾತಿನಲ್ಲಿ ಕೌದಿ ಬರವಣಿಗೆ ಎನ್ನಬಹುದು: ಬಟ್ಟೆ ಬೇರೆಯವರದು, ಹೊಲಿಗೆ ಮಾತ್ರ ತನ್ನದು. ಹೊಸ ವಿಷಯದ ಭಾಷೆಯನ್ನು ಕಲಿಯುವವರು ಹಾದುಹೋಗುವ ಹಂತ ಇದು, ಇದನ್ನು ಕಳ್ಳತನವೆಂದು ಶಿಕ್ಷಿಸುವುದಕ್ಕಿಂತ ಕಲಿಕೆಯೆಂದು ತಿದ್ದಬೇಕು ಎಂಬುದು ಅವರ ವಾದ. ನಾನು ಅದನ್ನು ಒಪ್ಪುತ್ತೇನೆ. ಆದರೆ ತಿದ್ದುವವರೇ ಇಲ್ಲದಿದ್ದರೆ ಆ ಹಂತ ದಾಟುವುದಿಲ್ಲ ಎಂಬುದನ್ನೂ ಸೇರಿಸುತ್ತೇನೆ.

ನಿಮ್ಮ ಜಿಲ್ಲೆಯದೇ ಒಂದು ಉದಾಹರಣೆಯನ್ನು ಕಪ್ಪುಹಲಗೆಯ ಮೇಲೆ ಬರೆಯಿರಿ. ಒಂದು ಪುಸ್ತಕದಲ್ಲಿ ಹೀಗಿದೆ ಎಂದಿಟ್ಟುಕೊಳ್ಳೋಣ: “1907ರಲ್ಲಿ ಪೂರ್ಣಗೊಂಡ ಮಾರಿಕಣಿವೆ ಜಲಾಶಯವು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, ಬಯಲುಸೀಮೆಯ ರೈತನ ಎಚ್ಚರದ ಸ್ವಭಾವವನ್ನು ರೂಪಿಸಿದ್ದು ಈ ದೀರ್ಘ ಕಾಯುವಿಕೆಯೇ.” ವಿದ್ಯಾರ್ಥಿ ತರುವುದು ಹೀಗೆ: “1907ರಲ್ಲಿ ಮುಗಿದ ಮಾರಿಕಣಿವೆ ಡ್ಯಾಮು 1933ರಲ್ಲಿ ತುಂಬಿ ಹರಿದ ಬಳಿಕ ಪುನಃ ತುಂಬಿ ಹರಿದದ್ದು 2022ರಲ್ಲಿ, ಬಯಲುನಾಡಿನ ಕೃಷಿಕನ ಜಾಗರೂಕ ಗುಣವನ್ನು ರೂಪಿಸಿದ್ದು ಈ ಸುದೀರ್ಘ ನಿರೀಕ್ಷೆಯೇ.” ಪದಗಳು ಬದಲಾಗಿವೆ, ವಾಕ್ಯದ ಅಸ್ಥಿಪಂಜರ ಅದೇ. ಈಗ ಆ ವಾಕ್ಯದಲ್ಲಿ ಯಾವುದು ಯಾರದು ಎಂದು ಅವರಿಂದಲೇ ಬಿಡಿಸಿ. ಅಣೆಕಟ್ಟೆ 1907ರಲ್ಲಿ ಮುಗಿಯಿತು, 1933ರ ಬಳಿಕ ಎಂಬತ್ತೊಂಬತ್ತು ವರ್ಷಗಳ ನಂತರ ಮತ್ತೆ ಕೋಡಿ ಬಿತ್ತು ಎಂಬುದು ಎಲ್ಲರಿಗೂ ತಿಳಿದ ಸಂಗತಿ. ಹಿರಿಯೂರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ, ಅದು ಯಾರೊಬ್ಬರ ಸ್ವತ್ತೂ ಅಲ್ಲ. ಆದರೆ ಕಾಯುವಿಕೆಯಿಂದ ರೈತನ ಸ್ವಭಾವ ರೂಪುಗೊಂಡಿತು ಎಂಬುದು ಆ ಲೇಖಕನ ಆಲೋಚನೆ. ಅದನ್ನು ಯಾವ ಪದಗಳಲ್ಲಿ ಹೇಳಿದರೂ ಅವನ ಹೆಸರು ಹೇಳಲೇಬೇಕು. ಬಹುಪಾಲು ವಿದ್ಯಾರ್ಥಿಗಳು ತಿಳಿದಿರುವುದು ಇದರ ತದ್ವಿರುದ್ಧ: ಪದಗಳನ್ನು ಎತ್ತಿಕೊಂಡರೆ ಮಾತ್ರ ತಪ್ಪು, ಆಲೋಚನೆಯನ್ನು ಎತ್ತಿಕೊಂಡರೆ ಅಲ್ಲ ಎಂದು.

ಆಮೇಲೆ ಪುಸ್ತಕ ಮುಚ್ಚಿಸಿ. ಪಕ್ಕದಲ್ಲಿ ಕೂತವನಿಗೆ ಅದರ ಸಾರವನ್ನು ಬಾಯಿಯಲ್ಲಿ ಹೇಳಲು ಹೇಳಿ, ಹೇಳಿದ್ದನ್ನೇ ಬರೆಯಿಸಿ. ಆಗ ಬರುವುದು ಹೀಗಿರುತ್ತದೆ: “ನೀರು ತುಂಬುವುದನ್ನು ಒಂದು ತಲೆಮಾರು ಪೂರ್ತಿ ಕಾದ ಜನ ಸುಲಭಕ್ಕೆ ಸಾಹಸ ಮಾಡುವುದಿಲ್ಲ ಎಂದು ಈ ಲೇಖಕರು ಹೇಳುತ್ತಾರೆ, ಆದರೆ ನಮ್ಮೂರಿನಲ್ಲಿ ಸಾಲ ಮಾಡಿ ಸಾವಿರ ಅಡಿ ಬೋರ್ ಕೊರೆಸಿದವರನ್ನು ನೋಡಿದರೆ ನನಗೆ ಹಾಗೆನಿಸುವುದಿಲ್ಲ.” ಆ ‘ಆದರೆ’ ಬಂದ ಕ್ಷಣದಲ್ಲಿ ನಿಮ್ಮ ವಿದ್ಯಾರ್ಥಿ ಬರಹಗಾರನಾಗಿದ್ದಾನೆ. ಹೊರದೇಶದ ಅಧ್ಯಾಪಕರು ಆಧಾರ ಕೇಳುವುದು ಕೇವಲ ಮೂಲದವನ ಹಕ್ಕು ಕಾಯಲಿಕ್ಕಲ್ಲ. ಇವನ ಮಾತು ಎಲ್ಲಿ ಶುರುವಾಗುತ್ತದೆ ಎಂದು ತಿಳಿಯುವ ಆಸೆಯೂ ಅವರಿಗಿರುತ್ತದೆ. ಬಾಯಿಪಾಠವನ್ನು ನಾನು ಹಳಿಯುವವನಲ್ಲ. ಸಾವಿರ ಪದ್ಯ ಕಂಠಸ್ಥವಾಗಿರುವ ಗಮಕಿಯ ನೆನಪು ದೊಡ್ಡ ಸಂಪತ್ತು. ಆದರೆ ಕುಮಾರವ್ಯಾಸನನ್ನು ಹಾಡುವ ಗಮಕಿ ಅದು ಕುಮಾರವ್ಯಾಸನದೆಂದು ಹೇಳಿಯೇ ಹಾಡುತ್ತಾನೆ.

ನಿಮ್ಮ ನೋಟ್ಸಿನ ಪ್ರತಿ ಪುಟದ ಕೆಳಗೆ, ಯಾವ ಪುಸ್ತಕ, ಎಷ್ಟನೆಯ ಪುಟ ಎಂದು ಬರೆಯುವುದನ್ನೂ ಇಂದಿನಿಂದಲೇ ಆರಂಭಿಸಿ. ನಾನು ತಡವಾಗಿ ಆರಂಭಿಸಿದೆ, ಆ ಬೇಸರ ಇನ್ನೂ ಇದೆ.

ಪ್ರಶ್ನೆ: ದಾವಣಗೆರೆಯಲ್ಲಿ ಬಿಇ ಕೊನೆಯ ವರ್ಷದಲ್ಲಿದ್ದೇನೆ, ಮುಂದೆ ಆಸ್ಟ್ರೇಲಿಯಾಕ್ಕೆ ಹೋಗುವವಳಿದ್ದೇನೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ. ಕನ್ನಡದಲ್ಲಿ ಯೋಚಿಸಿ ಬರೆದು, ಚಾಟ್‌ಜಿಪಿಟಿಯಿಂದ ಇಂಗ್ಲಿಷಿಗೆ ತಿರುಗಿಸಿಕೊಂಡರೆ ಅದು ಕೃತಿಚೌರ್ಯವೇ? ನಾನೇ ಬರೆದದ್ದನ್ನೂ ಯಂತ್ರ ಬರೆದದ್ದೆಂದು ಹಿಡಿಯುತ್ತಾರಂತೆ, ನಿಜವೇ?

ಉತ್ತರ: ಎರಡನೆಯದು ಮೊದಲು. ನಿಮ್ಮ ಭಯ ಆಧಾರವಿಲ್ಲದ್ದಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಇಂಗ್ಲಿಷ್ ತಾಯ್ನುಡಿಯಲ್ಲದವರು ಟೋಫೆಲ್ ಎಂಬ ಇಂಗ್ಲಿಷ್ ಭಾಷಾ ಪರೀಕ್ಷೆಗೆ ಬರೆದ 91 ಪ್ರಬಂಧಗಳನ್ನು ಏಳು ಪತ್ತೆ ತಂತ್ರಾಂಶಗಳಿಗೆ ಕೊಟ್ಟು ನೋಡಿದರು. ಸರಾಸರಿ ಶೇ 61ರಷ್ಟನ್ನು ಅವು ಯಂತ್ರದ ಬರಹವೆಂದು ತಪ್ಪಾಗಿ ಗುರುತಿಸಿದವು. ಸರಳ ಪದಗಳು, ಊಹಿಸಬಹುದಾದ ವಾಕ್ಯಗಳು ಇದ್ದರೆ ಯಂತ್ರದ ಬರಹವೆಂದು ಅವು ಲೆಕ್ಕ ಹಾಕುವುದೇ ಇದಕ್ಕೆ ಕಾರಣ. ಎರಡನೆಯ ಭಾಷೆಯಲ್ಲಿ ಬರೆಯುವವರ ಇಂಗ್ಲಿಷ್ ಹಾಗೆಯೇ ಇರುತ್ತದೆ. ಆದ್ದರಿಂದ ನಿಮ್ಮ ರಕ್ಷಣೆ ನಿಮ್ಮ ಕರಡುಗಳಲ್ಲಿದೆ. ಕನ್ನಡದಲ್ಲಿ ಗೀಚಿದ ಮೊದಲ ಟಿಪ್ಪಣಿಯನ್ನೂ ಎಸೆಯಬೇಡಿ. ಬದಲಾವಣೆಗಳ ಚರಿತ್ರೆ ತಾನಾಗಿ ಉಳಿಯುವಂಥ ಕಡತದಲ್ಲಿ ಬರೆಯಿರಿ.

ಇನ್ನು ಅನುವಾದ. ಕನ್ನಡದಲ್ಲಿ ಯೋಚಿಸುವುದು ನಿಮ್ಮ ಹಕ್ಕು, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಆದರೆ ಪೂರ್ತಿ ಪ್ರಬಂಧವನ್ನು ಯಂತ್ರದಿಂದ ಇಂಗ್ಲಿಷಿಗೆ ತಿರುಗಿಸಿ ಕೊಡುವುದನ್ನು ಕೆಲವು ವಿಭಾಗಗಳು ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ. ಒಂದೇ ವಿಶ್ವವಿದ್ಯಾಲಯದೊಳಗೆ ಒಂದು ವಿಷಯಕ್ಕೂ ಇನ್ನೊಂದಕ್ಕೂ ನಿಯಮ ಬೇರೆಯಾಗಿರಬಹುದು. ಪ್ರತಿ ವಿಷಯದ ಅಧ್ಯಾಪಕರಿಗೂ ಮೊದಲ ವಾರದಲ್ಲೇ ಇಮೇಲ್ ಬರೆದು ಕೇಳಿ, ಉತ್ತರವನ್ನು ಉಳಿಸಿಕೊಳ್ಳಿ. ನಮ್ಮಲ್ಲಿ ಮೇಷ್ಟ್ರನ್ನು ಹೀಗೆ ಕೇಳುವುದು ಉದ್ಧಟತನವೆಂದು ಮಕ್ಕಳು ಹಿಂಜರಿಯುತ್ತಾರೆ. ಅಲ್ಲಿ ಕೇಳದಿರುವುದೇ ಅಜಾಗರೂಕತೆ ಎನಿಸಿಕೊಳ್ಳುತ್ತದೆ.

ನೀವು ಕೇಳದಿದ್ದರೂ ಒಂದನ್ನು ಹೇಳಬೇಕು. ಹಾಸ್ಟೆಲಿನಲ್ಲಿ ಗೆಳತಿಗೆ ರೆಕಾರ್ಡ್ ಬುಕ್ ಕೊಡುವುದನ್ನು ನಾವು ಸ್ನೇಹವೆನ್ನುತ್ತೇವೆ, ಕೊಡದವಳನ್ನು ಸ್ವಾರ್ಥಿ ಎನ್ನುತ್ತೇವೆ. ಅಲ್ಲಿ ಒಬ್ಬರೇ ಮಾಡಬೇಕಾದ ಅಸೈನ್‌ಮೆಂಟಿನ ಕಡತವನ್ನು ಗೆಳತಿಗೆ ಕಳಿಸಿದರೆ, ಕೊಟ್ಟವಳಿಗೂ ಪಡೆದವಳಿಗೂ ಆರೋಪ ಬರುತ್ತದೆ. ಒಳ್ಳೆಯ ಮನಸ್ಸಿನ ಮಕ್ಕಳು ಹೆಚ್ಚಾಗಿ ಸಿಕ್ಕಿಬೀಳುವುದು ಇದರಲ್ಲೇ ಎಂದು ನನ್ನ ಹಳೆಯ ವಿದ್ಯಾರ್ಥಿಗಳು ಹೇಳುತ್ತಾರೆ. ಅರ್ಥವಾಗದ್ದನ್ನು ಕೂತು ವಿವರಿಸಿ, ಕಡತವನ್ನು ಮಾತ್ರ ಕೊಡಬೇಡಿ.

ಪ್ರಶ್ನೆ: ಮೆಲ್ಬರ್ನಿನಲ್ಲಿ ಓದುತ್ತಿರುವ ತಮ್ಮನಿಗೆ ‘ಅಸೈನ್‌ಮೆಂಟ್ ಬರೆದುಕೊಡುತ್ತೇವೆ’ ಎಂದು ವಾಟ್ಸ್ಆ್ಯಪ್ ಸಂದೇಶಗಳು ಬರುತ್ತಿವೆ. ರಾತ್ರಿಪಾಳಿ ಕೆಲಸ ಮಾಡುವ ಅವನು ಒಮ್ಮೆ ಹಣ ಕೊಟ್ಟು ಬರೆಸಿಕೊಂಡು ಸಲ್ಲಿಸಿದ್ದಾನೆ. ಈಗ ಅವರು ಇನ್ನಷ್ಟು ಹಣ ಕೇಳಿ, ಕೊಡದಿದ್ದರೆ ಕಾಲೇಜಿಗೆ ಹೇಳುತ್ತೇವೆ ಎಂದು ಹೆದರಿಸುತ್ತಿದ್ದಾರೆ. ಏನು ಮಾಡಲಿ? (ಅಕ್ಕ, ಚಳ್ಳಕೆರೆ)

ಉತ್ತರ: ಇನ್ನೊಂದು ರೂಪಾಯಿಯನ್ನೂ ಕೊಡಬೇಡಿ. ಒಮ್ಮೆ ಹಣ ಪಡೆದು ಆಮೇಲೆ ಬೆದರಿಸುವುದು ಇಂಥ ವ್ಯಾಪಾರದ ಹಳೆಯ ದಾರಿ. ಅಲ್ಲಿಯ ಉನ್ನತ ಶಿಕ್ಷಣ ನಿಯಂತ್ರಣ ಸಂಸ್ಥೆಯಾದ ಟೆಕ್ಸಾ ವಿದ್ಯಾರ್ಥಿಗಳನ್ನು ಇದರ ಬಗ್ಗೆಯೇ ಎಚ್ಚರಿಸಿದೆ. ಆಸ್ಟ್ರೇಲಿಯಾದ 2020ರ ಕಾನೂನಿನ ಪ್ರಕಾರ ಹಣಕ್ಕಾಗಿ ಹೀಗೆ ಬರೆದುಕೊಡುವುದೂ ಅದರ ಜಾಹೀರಾತು ಮಾಡುವುದೂ ಎರಡು ವರ್ಷದವರೆಗೆ ಜೈಲು ಶಿಕ್ಷೆಯಾಗಬಹುದಾದ ಅಪರಾಧ. ಆ ಕಾನೂನು ಬರೆದುಕೊಡುವವರ ಮೇಲೆ, ಬರೆಸಿಕೊಂಡ ವಿದ್ಯಾರ್ಥಿಯ ಮೇಲಲ್ಲ. ಆದರೆ ವಿಶ್ವವಿದ್ಯಾಲಯದ ಶಿಸ್ತುಕ್ರಮ ಬೇರೆ, ಅದು ನಿಮ್ಮ ತಮ್ಮನ ಮೇಲೆ ಬರಬಹುದು, ಮತ್ತು ಇದನ್ನು ಮೊದಲ ಪತ್ರದ ಹುಡುಗನ ತಪ್ಪಿಗಿಂತ ಬಹಳ ಗಂಭೀರವಾಗಿ ನೋಡುತ್ತಾರೆ. ಇದನ್ನು ಮುಚ್ಚಿಟ್ಟು ನಿಮಗೆ ಸಮಾಧಾನ ಹೇಳಲಾರೆ.

ಅವನು ಸಂದೇಶಗಳನ್ನೆಲ್ಲ ಅಳಿಸದೆ ಚಿತ್ರ ತೆಗೆದಿಟ್ಟುಕೊಂಡು, ಆ ನಂಬರನ್ನು ನಿರ್ಬಂಧಿಸಿ, ವಿದ್ಯಾರ್ಥಿ ಸಂಘದ ಸಲಹೆಗಾರರನ್ನು ಕಂಡು, ಅವರ ಜೊತೆ ಹೋಗಿ ತಾನೇ ವಿಶ್ವವಿದ್ಯಾಲಯಕ್ಕೆ ಹೇಳುವುದು ಒಳ್ಳೆಯದು. ಬೆದರಿಸುವವರ ಕೈಯಲ್ಲಿರುವ ಅಸ್ತ್ರ ಗುಟ್ಟೊಂದೇ, ಅದನ್ನು ಇವನೇ ಬಿಟ್ಟುಕೊಟ್ಟರೆ ಅವರ ಬಳಿ ಏನೂ ಉಳಿಯುವುದಿಲ್ಲ. ತಾನಾಗಿ ಬಂದು ಹೇಳಿದವನನ್ನೂ ಸಿಕ್ಕಿಬಿದ್ದವನನ್ನೂ ಸಮಿತಿಗಳು ಸಾಮಾನ್ಯವಾಗಿ ಒಂದೇ ರೀತಿ ನೋಡುವುದಿಲ್ಲ. ಸೊನ್ನೆ ಅಂಕ ಬಂದರೆ, ಒಂದು ಸೆಮಿಸ್ಟರ್ ಹಿಂದೆ ಬಿದ್ದರೆ, ಅದನ್ನು ಮನೆಯವರು ತಡೆದುಕೊಳ್ಳುವಿರಿ ಎಂದು ಅವನಿಗೆ ಮೊದಲೇ ಹೇಳಿ. ರಾತ್ರಿಪಾಳಿಯನ್ನು ವಾರಕ್ಕೆ ಎರಡು ದಿನ ಕಡಿಮೆ ಮಾಡಲು ಎಷ್ಟು ಹಣ ಬೇಕಾಗುತ್ತದೆ ಎಂದೂ ಕೇಳಿ. ಆ ಹಣ ನಿಮ್ಮಿಂದ ಹೊಂದುವುದಾದರೆ, ಬೆದರಿಸುವವರಿಗೆ ಕೊಡಲು ಯೋಚಿಸಿದ್ದ ಮೊತ್ತವನ್ನು ಅದಕ್ಕೆ ಕಳಿಸಿ.